ಹಿಮ್ಮಡಿ ಟೆಂಡನ್ ನೋವಿಗೆ ಬಿಪಿಸಿ-157, ಟಿಬಿ-500 ಇಂಜೆಕ್ಷನ್: ಗೊತ್ತಿದ್ದವರು ದಯವಿಟ್ಟು ಹೇಳಿ

ರೈಡರ್_ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜು ತಂಡದಲ್ಲಿ ಕಬಡ್ಡಿ ಆಡ್ತೀನಿ, ರೈಡರ್. ಹೋದ ವರ್ಷದ ಕೊನೆಯಿಂದ ಬಲಗಾಲಿನ ಹಿಮ್ಮಡಿ ಮೇಲಿನ ಅಕಿಲಿಸ್ ಟೆಂಡನ್ (ಮೀನಖಂಡವನ್ನ ಹಿಮ್ಮಡಿ ಎಲುಬಿಗೆ ಕಟ್ಟೋ ಗಟ್ಟಿ ಹುರಿ) ಬಿಡದೆ ನೋಯ್ತಿದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡೋದೇ ಕಷ್ಟ. ಓಡಾಡಿದ ಮೇಲೆ ಸಡಿಲ ಆಗುತ್ತೆ, ಪ್ರಾಕ್ಟೀಸ್ ಮುಗಿಸಿ ಮನೆಗೆ ಬಂದ್ರೆ ಮತ್ತೆ ಹಿಡ್ಕೊಳ್ಳುತ್ತೆ. ಸ್ಕ್ಯಾನ್ ಮಾಡಿಸಿದೆ. ಹರಿದಿಲ್ಲ, ದಪ್ಪ ಆಗಿದೆ, ಟೆಂಡಿನೋಪತಿ ಅಂತ ಬರೆದಿದ್ದಾರೆ. ಡಾಕ್ಟರು ನೋವಿನ ಮಾತ್ರೆ ಕೊಟ್ಟು ರೆಸ್ಟ್ ಮಾಡು ಅಂದ್ರು. ಮಾಡಿದೆ. ಅಂಕಣಕ್ಕೆ ಇಳಿದ ವಾರದಲ್ಲೇ ಮತ್ತೆ ಅದೇ ನೋವು.

ನಮ್ಮೂರಿನ ಜಿಮ್ ಟ್ರೈನರ್ ಒಬ್ಬರು ಬಿಪಿಸಿ-157 ಮತ್ತು ಟಿಬಿ-500 ಅನ್ನೋ ಪೆಪ್ಟೈಡ್ ಸೇರಿಸಿ ತಗೋ ಅಂತಿದ್ದಾರೆ. ಪುಡಿ ಇರೋ ಚಿಕ್ಕ ವಯಲ್ ಬರುತ್ತಂತೆ, ನೀರು ಬೆರೆಸಿ ಇನ್ಸುಲಿನ್ ಸಿರಿಂಜಲ್ಲಿ ಚರ್ಮದ ಕೆಳಗೆ ಚುಚ್ಕೋಬೇಕಂತೆ. ಇದು ಸ್ಟೀರಾಯ್ಡ್ ಅಲ್ಲ, ನಮ್ಮ ಹೊಟ್ಟೆಯಲ್ಲೇ ಇರೋ ಪ್ರೋಟೀನು, ಅದರಿಂದ ಭಯ ಬೇಡ ಅಂತಾರೆ. ಯೂಟ್ಯೂಬಲ್ಲಿ ನೋಡಿದ್ರೆ ಎಲ್ಲರೂ ಹೊಗಳ್ತಾರೆ.

ಮುಂದಿನ ಸೀಸನ್‌ನಲ್ಲಿ ರಾಜ್ಯ ತಂಡದ ಆಯ್ಕೆ ಇದೆ. ಕ್ರೀಡಾ ಕೋಟಾದಲ್ಲಿ ಒಂದು ಕೆಲಸ ಸಿಕ್ಕಿದ್ರೆ ಮನೆಗೆ ದೊಡ್ಡ ಆಸರೆ. ಅಪ್ಪನ ಹತ್ರ ದುಡ್ಡು ಕೇಳೋ ಮೊದಲು ಇಲ್ಲಿ ಕೇಳೋಣ ಅನ್ನಿಸ್ತು. ಇದು ನಿಜವಾಗಿ ಕೆಲಸ ಮಾಡುತ್ತಾ? ತೊಂದರೆ ಏನಾದ್ರೂ ಇದೆಯಾ?

ಕುಡ್ಲ_ಲಿಫ್ಟರ್

ನಾನು ತೆಗೆದುಕೊಂಡಿದ್ದೇನೆ, ಆದ್ದರಿಂದ ಹೇಳುತ್ತೇನೆ. ನನ್ನದು ಭುಜದ ನೋವು. ಬೆಂಚ್ ಪ್ರೆಸ್ ಮಾಡುವಾಗ ಮುಂದಿನ ಭಾಗದಲ್ಲಿ ಚುಚ್ಚುತ್ತಿತ್ತು, ರಾತ್ರಿ ಆ ಮಗ್ಗುಲಲ್ಲಿ ಮಲಗಲಿಕ್ಕೆ ಆಗುತ್ತಿರಲಿಲ್ಲ. ಬಿಪಿಸಿ ಶುರು ಮಾಡಿದ ಕೆಲವೇ ವಾರಗಳಲ್ಲಿ ನಿದ್ದೆ ಸರಿಯಾಯಿತು, ಆಮೇಲೆ ನಿಧಾನಕ್ಕೆ ಭಾರವೂ ಎತ್ತಲಿಕ್ಕೆ ಆಯಿತು. ಚುಚ್ಚಿದ ಜಾಗ ಸ್ವಲ್ಪ ಕೆಂಪಾದದ್ದು ಬಿಟ್ಟರೆ ಬೇರೆ ತೊಂದರೆ ಕಾಣಲಿಲ್ಲ. ಡಾಕ್ಟರ್ ಹತ್ತಿರ ಹೋದಾಗಲೆಲ್ಲ ಮಾತ್ರೆ ತಿಂದು ಬಂದವ ನಾನು. ಯಾರು ಏನೇ ಹೇಳಲಿ, ನನಗೆ ಗುಣ ಆದದ್ದು ನಿಜ ಮಾರಾಯ್ರೆ.

ಹುಬ್ಬಳ್ಳಿ_ಫಿಸಿಯೊ

ಕುಡ್ಲದ ಅಣ್ಣಾರ, ನಿಮಗ ಆರಾಮ ಆಗಿದ್ದು ಸುಳ್ಳಂತ ನಾ ಅನ್ನೂದಿಲ್ಲ. ಒಂದು ಮಾತು ಕೇಳ್ತೀನಿ, ಆ ಇಂಜೆಕ್ಷನ್ ತಗೋಳಾಗ ವ್ಯಾಯಾಮದಾಗ ಏನರ ಬದಲಿ ಮಾಡಿದ್ರೇನು?

ತಮ್ಮಾ ಮಂಡ್ಯ, ನಾನು ಹುಬ್ಬಳ್ಯಾಗ ಫಿಸಿಯೊಥೆರಪಿ ಮಾಡ್ತೀನಿ. ಕುಸ್ತಿ, ಕಬಡ್ಡಿ, ಖೊಖೊ ಆಡೋ ಹುಡುಗರನ್ನ ದಿನಾ ನೋಡ್ತೀನಿ. ಮೊದಲು ನಿನ್ನ ಟೆಂಡನ್ನಿಗೆ ಏನಾಗೇತಿ ಅನ್ನೂದು ತಿಳಕೋ, ಆಮ್ಯಾಲೆ ಔಷಧದ ಮಾತು.

ಬಿಪಿಸಿ ಮ್ಯಾಲಿನ ಸಂಶೋಧನೆ ಬಹುಪಾಲು ಕ್ರೊಯೇಷಿಯಾದ ಝಾಗ್ರೆಬ್ ವಿಶ್ವವಿದ್ಯಾಲಯದ ಪ್ರೆಡ್ರಾಗ್ ಸಿಕಿರಿಚ್ ಅವರ ಗುಂಪಿನಿಂದ ಬಂದೈತಿ, 1990ರ ದಶಕದಿಂದ. ಟೆಂಡನ್ ಮ್ಯಾಲಿನ ಪ್ರಯೋಗದಾಗ ಆರೋಗ್ಯವಾಗಿರೋ ಇಲಿಯ ಅಕಿಲಿಸ್ ಟೆಂಡನ್ನ ಕತ್ತರಸ್ತಾರ, ಪೆಪ್ಟೈಡ್ ಕೊಡ್ತಾರ, ಕೊಡಲಾರದ ಇಲಿಗಿಂತ ಇದು ಎಷ್ಟು ಲಗು ಕೂಡತೈತಿ ನೋಡ್ತಾರ. ಫಲಿತಾಂಶ ಛಲೋನ ಬಂದಾವ, ಅದನ್ನ ಮುಚ್ಚಿಡಬಾರದು. ಆದರ ನಿನ್ನ ಟೆಂಡನ್ ಯಾರೂ ಕತ್ತರಿಸಿಲ್ಲ. ಅದು ತಾಳೂಕಿಂತ ಹೆಚ್ಚಿನ ಭಾರ ತಿಂಗಳಾನುಗಟ್ಟಲೆ ಬಿದ್ದು, ಒಳಗಿನ ಕೊಲಾಜನ್ ಎಳಿ ಅಸ್ತವ್ಯಸ್ತ ಆಗಿ, ದಪ್ಪ ಆಗಿ ಕುಂತೈತಿ. ಕತ್ತರಿಸಿದ ಗಾಯ ಬ್ಯಾರೆ, ಇದು ಬ್ಯಾರೆ. ಒಂದಕ್ಕ ಉಪಯೋಗ ಆದದ್ದು ಇನ್ನೊಂದಕ್ಕ ಆಗತೈತಿ ಅಂತ ಯಾರೂ ತೋರಿಸಿಲ್ಲ.

ಇನ್ನೊಂದು ವಿಷಯ ಯೂಟ್ಯೂಬಿನವರು ಹೇಳೂದಿಲ್ಲ. ಬಿಪಿಸಿ ಹೊಸ ರಕ್ತನಾಳ ಬೆಳೆಸತೈತಿ, ಅದಕ್ಕ ಟೆಂಡನ್ ಗುಣ ಆಗತೈತಿ ಅಂತಾರ. ನೋಯೋ ಅಕಿಲಿಸ್ ಟೆಂಡನ್ನಿಗೆ ರಕ್ತ ಹರಿಯೂದನ್ನ ತೋರಿಸೋ ಡಾಪ್ಲರ್ ಸ್ಕ್ಯಾನ್ ಮಾಡಿದ್ರ ಅಲ್ಲಿ ಮೊದಲೇ ಹೊಸ ರಕ್ತನಾಳ ಬೆಳದಿರ್ತಾವ, ಅವುಗಳ ಜೋಡಿ ನೋವಿನ ನರಾನೂ ಬಂದಿರ್ತಾವ. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ ಮತ್ತ ಅವರ ಸಂಗಡಿಗರು 2002ರ ಹೊತ್ತಿಗೆ ಪಾಲಿಡೊಕನಾಲ್ ಅನ್ನೋ ಔಷಧ ಚುಚ್ಚಿ ಆ ರಕ್ತನಾಳಾನ ಮುಚ್ಚಿ ನೋವು ಕಡಿಮಿ ಮಾಡಾಕ ನೋಡ್ಯಾರ. ಅಂದ್ರ, ಒಂದು ಕಡೆ ಆ ನಾಳ ಮುಚ್ಚಬೇಕು ಅಂತ ಚಿಕಿತ್ಸಾ, ಇನ್ನೊಂದು ಕಡೆ ಅವನ್ನ ಬೆಳಸಬೇಕು ಅಂತ ಇಂಜೆಕ್ಷನ್. ಕತ್ತರಿಸಿದ ಟೆಂಡನ್ನಿಗೆ ರಕ್ತನಾಳ ಬೇಕಾಗಬಹುದು. ಬರೇ ದಪ್ಪ ಆಗಿ ನೋಯೋದಕ್ಕ ಇನ್ನಷ್ಟು ಬೆಳೆಸೋದು ಒಳ್ಳೇದೋ ಕೆಟ್ಟದ್ದೋ, ಮನುಷ್ಯರ ಮ್ಯಾಲೆ ಯಾರೂ ನೋಡಿಲ್ಲ.

ನೀ ರೆಸ್ಟ್ ಮಾಡಿದ್ಯಲ್ಲ, ಅದು ನೋವು ಇಳಿಸತೈತಿ, ಟೆಂಡನ್ನಿಗೆ ಬಲ ಕೊಡೂದಿಲ್ಲ. ಆಟಕ್ಕ ಇಳಿದ ಕೂಡಲೇ ಮತ್ತ ನೋವು ಬಂದದ್ದು ಅದಕ್ಕ. ಮುಂದಿಂದು ಆಮ್ಯಾಲೆ ಬರೀತೀನಿ, ಪೇಶಂಟ್ ಬಂದಾರ.

ಪೀಣ್ಯ_ಕೆಮಿಸ್ಟ್

ನಾನು ಔಷಧ ಕಂಪನಿಯ ಗುಣಮಟ್ಟ ಪರೀಕ್ಷೆಯ ಲ್ಯಾಬ್‌ನಲ್ಲಿ ಇರೋದು, ಪೆಪ್ಟೈಡ್‌ಗಳ ಜೊತೆಗೇ ಕೆಲಸ. ಆ ವಯಲ್ ಒಳಗೆ ಏನಿರುತ್ತೆ ಅನ್ನೋದರ ಬಗ್ಗೆ ಬರೀತೀನಿ.

ಪೆಪ್ಟೈಡ್ ಅಂದರೆ ಅಮೈನೊ ಆಮ್ಲಗಳ ಸರಪಳಿ. ಹೆಸರು ಕೇಳಿ ಹೆದರಬೇಕಾಗಿಲ್ಲ, ಇನ್ಸುಲಿನ್ ಕೂಡ ಇದೇ ಜಾತಿ, 51 ಅಮೈನೊ ಆಮ್ಲ. ಮೂಳೆ ಸವೆತಕ್ಕೆ ಕೊಡೋ ಟೆರಿಪ್ಯಾರಟೈಡ್ 34 ಅಮೈನೊ ಆಮ್ಲದ್ದು. ಇವೆಲ್ಲ ಸಾವಿರಾರು ರೋಗಿಗಳ ಮೇಲೆ ಪರೀಕ್ಷೆ ಆಗಿ ಬಂದ ಔಷಧಗಳು. ಬಿಪಿಸಿ-157ರಲ್ಲಿ ಇರೋದು 15. ಜಠರರಸದಲ್ಲಿರೋ ಒಂದು ಪ್ರೋಟೀನಿನ ತುಣುಕು ಅಂತ ಝಾಗ್ರೆಬ್ ಗುಂಪು ಹೇಳುತ್ತೆ. ಹಾಗಿದ್ದರೂ, ಮಾರೋ ವಯಲ್‌ನಲ್ಲಿರೋದು ಯಾರ ಹೊಟ್ಟೆಯಿಂದಲೂ ಬಂದದ್ದಲ್ಲ, ಕಾರ್ಖಾನೆಯಲ್ಲಿ ರಾಳದ ಮಣಿಗಳ ಮೇಲೆ ಒಂದೊಂದೇ ಅಮೈನೊ ಆಮ್ಲ ಜೋಡಿಸಿ ಮಾಡಿದ್ದು. ಬ್ರೂಸ್ ಮೆರಿಫೀಲ್ಡ್ ಕಂಡುಹಿಡಿದ ವಿಧಾನ, ಅದಕ್ಕೆ ಅವರಿಗೆ 1984ರಲ್ಲಿ ನೊಬೆಲ್ ಬಂತು. ಅದ್ಭುತವಾದ ವಿಧಾನವೇ, ಆದರೆ ಪ್ರತಿ ಜೋಡಣೆಯಲ್ಲೂ ಸ್ವಲ್ಪ ಸರಪಳಿಗಳು ಒಂದು ಕೊಂಡಿ ತಪ್ಪಿಸಿಕೊಂಡು ಹೋಗ್ತವೆ. ಅವನ್ನೆಲ್ಲ ಶುದ್ಧೀಕರಣದಲ್ಲಿ ಬೇರೆ ಮಾಡಬೇಕು. ಮಾಡದಿದ್ದರೆ ಆ ಅರ್ಧಂಬರ್ಧ ಸರಪಳಿಗಳೂ ವಯಲ್‌ನಲ್ಲೇ ಉಳೀತವೆ, ಅವುಗಳಿಗೆ ದೇಹ ಹೇಗೆ ಪ್ರತಿಕ್ರಿಯಿಸುತ್ತೆ ಅನ್ನೋದನ್ನ ಯಾರೂ ಪರೀಕ್ಷೆ ಮಾಡಿರಲ್ಲ.

ಮಾರೋರು 'ಶುದ್ಧತೆ 99%' ಅನ್ನೋ ಪ್ರಮಾಣಪತ್ರ ತೋರಿಸ್ತಾರೆ. ಅದು ಎಚ್‌ಪಿಎಲ್‌ಸಿ ಯಂತ್ರದ ಲೆಕ್ಕ. ವಯಲ್‌ನಲ್ಲಿರೋ ಪೆಪ್ಟೈಡ್‌ನಲ್ಲಿ ಎಷ್ಟು ಪಾಲು ಸರಿಯಾದದ್ದು ಅಂತ ಮಾತ್ರ ಅದು ಹೇಳುತ್ತೆ. ವಯಲ್ ಕ್ರಿಮಿರಹಿತವೇ? ಬ್ಯಾಕ್ಟೀರಿಯಾ ಸತ್ತ ಮೇಲೂ ಉಳಿಯೋ ಎಂಡೊಟಾಕ್ಸಿನ್ ಇದೆಯಾ? ಅದಕ್ಕೆ ಬೇರೆ ಪರೀಕ್ಷೆ ಬೇಕು. ಎಂಡೊಟಾಕ್ಸಿನ್ ಕಣ್ಣಿಗೆ ಕಾಣಲ್ಲ, ವಾಸನೆ ಇಲ್ಲ, ರಕ್ತಕ್ಕೆ ಸೇರಿದರೆ ಚಳಿಜ್ವರದಿಂದ ಹಿಡಿದು ರಕ್ತದೊತ್ತಡ ಕುಸಿಯೋ ತನಕ ಹೋಗಬಹುದು. ನಮ್ಮಲ್ಲಿ ಚುಚ್ಚುಮದ್ದಿನ ಒಂದು ಬ್ಯಾಚ್ ಹೊರಗೆ ಹೋಗಬೇಕಾದರೆ ಈ ಎರಡೂ ಪರೀಕ್ಷೆ ಪಾಸಾಗಲೇಬೇಕು. ಇನ್ನು ಆ ಪ್ರಮಾಣಪತ್ರ ನಿನ್ನ ಕೈಲಿರೋ ಬ್ಯಾಚಿನದೇ ಅಂತ ನಂಬೋಕೆ ಆಧಾರ ಏನು?

ವಯಲ್ ಮೇಲೆ 'ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ' ಅಂತ ಇಂಗ್ಲಿಷಲ್ಲಿ ಬರೆದಿರುತ್ತೆ, ಓದಿ ನೋಡು. ಆ ಒಂದು ಸಾಲಿನಿಂದ ಮಾರೋನು ಕಾನೂನಿಂದ ಪಾರಾಗೋಕೆ ನೋಡ್ತಾನೆ, ಚುಚ್ಚಿಕೊಂಡೋನ ಪಾಡು ಚುಚ್ಚಿಕೊಂಡೋನಿಗೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಸೆಪ್ಟೆಂಬರ್‌ನಲ್ಲಿ ಬಿಪಿಸಿ-157ನ್ನ ಸುರಕ್ಷತೆಯ ಅಪಾಯ ಇರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸ್ತು. ಆಗ ಕೊಟ್ಟ ಕಾರಣಗಳು: ದೇಹದ ರೋಗನಿರೋಧಕ ವ್ಯವಸ್ಥೆ ಇದರ ವಿರುದ್ಧ ಕೆರಳಬಹುದು, ಕಲ್ಮಶಗಳನ್ನ ಗುರುತಿಸೋದು ಕಷ್ಟ, ಮನುಷ್ಯರಲ್ಲಿ ಸುರಕ್ಷತೆಯ ಮಾಹಿತಿ ಸಾಲದು. ಭಾರತದಲ್ಲೂ ಇದು ಅನುಮತಿ ಪಡೆದ ಔಷಧ ಅಲ್ಲ.

ಕುಡ್ಲ_ಲಿಫ್ಟರ್

ಫಿಸಿಯೊ ಅಕ್ಕ, ನೀವು ಕೇಳಿದ್ದಕ್ಕೆ ಉತ್ತರ: ಹೌದು, ಆ ಸಮಯದಲ್ಲಿ ಬೆಂಚ್ ಭಾರ ಅರ್ಧಕ್ಕೆ ಇಳಿಸಿದ್ದೆ, ಓವರ್‌ಹೆಡ್ ಪ್ರೆಸ್ ಬಿಟ್ಟಿದ್ದೆ, ರಬ್ಬರ್ ಬ್ಯಾಂಡ್ ಕಟ್ಟಿ ಭುಜದ ವ್ಯಾಯಾಮ ದಿನಾ ಮಾಡುತ್ತಿದ್ದೆ. ಆದರೆ ಅದಕ್ಕೂ ಮೊದಲು ಬರೀ ವ್ಯಾಯಾಮದಿಂದ ಕಡಿಮೆ ಆಗಿರಲಿಲ್ಲ. ಇಲಿಗೆ ಕೆಲಸ ಮಾಡಿದ್ದು ಮನುಷ್ಯನಿಗೆ ಮಾಡುವುದಿಲ್ಲ ಅಂತ ಹೇಗೆ ಹೇಳುತ್ತೀರಿ? ಮನುಷ್ಯರ ಮೇಲೆ ಪ್ರಯೋಗ ಆಗಿಯೇ ಇಲ್ಲವಾ?

ಪೀಣ್ಯ_ಕೆಮಿಸ್ಟ್

ನ್ಯಾಯವಾದ ಪ್ರಶ್ನೆ. ಆಗಿದೆ, ಆದರೆ ಬೆರಳೆಣಿಕೆ.

2025ರಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ಒಂದು ನಿಯತಕಾಲಿಕೆಯಲ್ಲಿ ಬಂದ ಪರಿಶೀಲನೆ ಓದಿದೆ. 1993ರಿಂದ 2024ರವರೆಗಿನ ಪ್ರಬಂಧಗಳನ್ನ ಜರಡಿ ಹಿಡಿದು 36 ಅಧ್ಯಯನ ಆಯ್ದುಕೊಂಡಿದ್ದಾರೆ. 35 ಪ್ರಾಣಿಗಳ ಮೇಲೆ ಅಥವಾ ಜೀವಕೋಶಗಳ ಮೇಲೆ. ಮನುಷ್ಯರ ಮೇಲಿನದ್ದು ಒಂದೇ ಒಂದು. ಅದು 2021ರಲ್ಲಿ ಬಂದದ್ದು, ಫ್ಲೋರಿಡಾದ ಕ್ಲಿನಿಕ್ ಒಂದರ ಹಳೇ ದಾಖಲೆ ತೆಗೆದು, ಮಂಡಿಗೆ ಚುಚ್ಚಿಸಿಕೊಂಡ ಹದಿನಾರು ಜನರನ್ನ 'ನೋವು ಕಡಿಮೆ ಆಯ್ತಾ' ಅಂತ ಕೇಳಿದ್ದು. ಹೆಚ್ಚಿನವರು ಹೌದು ಅಂದಿದ್ದಾರೆ. ಆದರೆ ಹೋಲಿಸಿ ನೋಡೋಕೆ ಬರೀ ಉಪ್ಪುನೀರು ಚುಚ್ಚಿಸಿಕೊಂಡ ಇನ್ನೊಂದು ಗುಂಪು ಅಲ್ಲಿರಲಿಲ್ಲ. ಅದಿಲ್ಲದೆ ಆ ಉತ್ತರದಿಂದ ಏನೂ ಗೊತ್ತಾಗಲ್ಲ.

ಹೋಲಿಕೆ ಗುಂಪು ಯಾಕೆ ಅಷ್ಟು ಮುಖ್ಯ ಅನ್ನೋದಕ್ಕೆ ಪಿಆರ್‌ಪಿ ಕಥೆ ನೋಡಿ. ನಮ್ಮದೇ ರಕ್ತ ತೆಗೆದು ಪ್ಲೇಟ್‌ಲೆಟ್ ಬೇರೆ ಮಾಡಿ ನೋವಿರೋ ಜಾಗಕ್ಕೆ ಚುಚ್ಚೋದು. ಅದಕ್ಕೂ ಹೀಗೇ ಹೊಗಳಿಕೆ ಇತ್ತು. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಅಕಿಲಿಸ್ ನೋವಿನ 54 ಜನರನ್ನ ಎರಡು ಗುಂಪು ಮಾಡಿದರು. ಒಂದಕ್ಕೆ ಪಿಆರ್‌ಪಿ, ಇನ್ನೊಂದಕ್ಕೆ ಉಪ್ಪುನೀರು, ಯಾರಿಗೆ ಯಾವುದು ಅಂತ ರೋಗಿಗಳಿಗೆ ಗೊತ್ತಿಲ್ಲ. ಇಬ್ಬರಿಗೂ ಒಂದೇ ವ್ಯಾಯಾಮ. ಆರು ತಿಂಗಳಾದ ಮೇಲೆ ನೂರು ಅಂಕದ ಅಳತೆಯಲ್ಲಿ ಪಿಆರ್‌ಪಿ ಗುಂಪು 21.7 ಅಂಕ ಸುಧಾರಿಸಿತ್ತು, ಉಪ್ಪುನೀರಿನ ಗುಂಪು 20.5. ಅಂದರೆ ಗುಣ ಆಗಿದ್ದು ನಿಜ, ಎರಡೂ ಗುಂಪಿಗೂ ಆಗಿತ್ತು. ಪಿಆರ್‌ಪಿ ಗುಂಪಿನವರನ್ನ ಮಾತ್ರ ಕೇಳಿದ್ದರೆ ಅವರೆಲ್ಲ ಇಂಜೆಕ್ಷನ್‌ನೇ ಹೊಗಳ್ತಿದ್ದರು. 2021ರಲ್ಲಿ ಬ್ರಿಟನ್‌ನಲ್ಲಿ 240 ಜನರ ಮೇಲೆ ಮಾಡಿದಾಗಲೂ ಪಿಆರ್‌ಪಿಗೆ ಹೆಚ್ಚುಗಾರಿಕೆ ಕಾಣಲಿಲ್ಲ. ಲಿಫ್ಟರ್ ಅವರೇ, ನಿಮ್ಮ ಭುಜದ ವಿಷಯದಲ್ಲೂ ಭಾರ ಇಳಿಸಿದ್ದು, ಬ್ಯಾಂಡ್ ವ್ಯಾಯಾಮ, ಇಂಜೆಕ್ಷನ್ ಮೂರೂ ಒಟ್ಟಿಗೆ ಇದ್ದವು. ಯಾವುದರಿಂದ ಗುಣವಾಯ್ತು ಅಂತ ಬಿಡಿಸಿ ಹೇಳೋಕೆ ಆಗಲ್ಲ. ಇಂಜೆಕ್ಷನ್‌ನಿಂದ ಅಲ್ಲವೇ ಅಲ್ಲ ಅಂತಲೂ ನಾನು ಹೇಳಲ್ಲ.

ಟಿಬಿ-500 ಬಗ್ಗೆ ಯಾರೂ ಮಾತಾಡಿಲ್ಲ. ಇದರಲ್ಲಿ ಗೊಂದಲ ಇನ್ನೂ ಜಾಸ್ತಿ. ಥೈಮೋಸಿನ್ ಬೀಟಾ-4 ಅನ್ನೋ ಪ್ರೋಟೀನು ನಮ್ಮ ದೇಹದಲ್ಲಿದೆ, 43 ಅಮೈನೊ ಆಮ್ಲದ್ದು, ಜೀವಕೋಶಗಳು ಜರುಗೋದಕ್ಕೆ ಬೇಕಾದದ್ದು. ಕಣ್ಣಿನ ಕಾಯಿಲೆಗಳಿಗೆ ಹನಿಯಾಗಿ ಅದನ್ನ ಮನುಷ್ಯರ ಮೇಲೆ ಪರೀಕ್ಷಿಸಿದ್ದಾರೆ. ಟಿಬಿ-500 ಅಂತ ಕರೆಯೋದು ಆ ಪ್ರೋಟೀನಿನ ಏಳು ಅಮೈನೊ ಆಮ್ಲದ ತುಣುಕನ್ನ. ಮೊದಲು ಹೆಸರು ಮಾಡಿದ್ದು ರೇಸ್ ಕುದುರೆಗಳಿಗೆ ಕಳ್ಳದಾರಿಯಲ್ಲಿ ಕೊಟ್ಟು. ಆದರೆ ಮಾರಾಟದ ಜಾಹೀರಾತಿನಲ್ಲಿ ಪೂರ್ತಿ ಪ್ರೋಟೀನಿನ ಪ್ರಯೋಗಗಳನ್ನೇ ಈ ತುಣುಕಿನ ಹೆಸರಿಗೆ ಬರೀತಾರೆ.

ತೋಟದಮನೆ_ಶಿರಸಿ

ನಡುವೆ ಕೇಳ್ತಿದ್ದೇನೆ, ಬೇಸರ ಮಾಡಬೇಡಿ. ನನಗೆ ಅರವತ್ತು ದಾಟಿದೆ. ಎರಡೂ ಮಂಡಿ ಸವೆತ. ತೋಟದ ಇಳಿಜಾರು ಇಳಿಯುವಾಗ ಜೀವ ಹೋದ ಹಾಗಾಗ್ತದೆ. ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿಯ ಕ್ಲಿನಿಕ್ಕಿನಲ್ಲಿ ಇದೇ ಬಿಪಿಸಿ ಮಂಡಿಗೆ ಕೊಡ್ತಾರೆ, ಬಂದಾಗ ಮಾಡಿಸೋಣ ಅಂತಾನೆ. ವಯಸ್ಸಾದವರಿಗೆ ಆಗಬಹುದಾ?

ಪೀಣ್ಯ_ಕೆಮಿಸ್ಟ್

ಸರ್, ಮೇಲೆ ಹೇಳಿದ ಹದಿನಾರು ಜನರ ದಾಖಲೆ ಬಿಟ್ಟರೆ ಮಂಡಿಗೆ ಬೇರೆ ಆಧಾರ ಇಲ್ಲ. ವಯಸ್ಸಾದವರಿಗೆ ಒಂದು ಚಿಂತೆ ಜಾಸ್ತಿ. ಹೊಸ ರಕ್ತನಾಳ ಬೆಳೆಸೋ ವಸ್ತು, ದೇಹದಲ್ಲಿ ಎಲ್ಲೋ ಗೊತ್ತಾಗದೆ ಇರೋ ಚಿಕ್ಕ ಗಡ್ಡೆಗೂ ರಕ್ತ ಒದಗಿಸಬಹುದಾ ಅನ್ನೋ ಪ್ರಶ್ನೆ. ಬಿಪಿಸಿ ಕ್ಯಾನ್ಸರ್ ತರುತ್ತೆ ಅಂತ ಯಾರೂ ತೋರಿಸಿಲ್ಲ, ತರಲ್ಲ ಅಂತ ತೋರಿಸೋ ದೀರ್ಘಕಾಲದ ಪರೀಕ್ಷೆಯೂ ಮನುಷ್ಯರಲ್ಲಿ ನಡೆದಿಲ್ಲ. ನಿಮ್ಮ ಜಾಗದಲ್ಲಿ ನನ್ನ ಅಪ್ಪ ಇದ್ದಿದ್ದರೆ ಬೇಡ ಅಂತಿದ್ದೆ.

ಹುಬ್ಬಳ್ಳಿ_ಫಿಸಿಯೊ

ಸರ್, ಮಂಡಿಗೆ ತೊಡಿ ಮುಂದಿನ ಸ್ನಾಯುಕ್ಕ ಬಲ ಕೊಡೋ ವ್ಯಾಯಾಮ, ತೂಕ ಹೆಚ್ಚಿದ್ರ ಇಳಸೂದು, ಇಳಿಜಾರಿನ್ಯಾಗ ಕೋಲು. ಇವಕ್ಕ ಗಟ್ಟಿ ಆಧಾರ ಅದಾವ. ಸ್ಟೀರಾಯ್ಡ್ ಇಂಜೆಕ್ಷನ್ ಮ್ಯಾಲಿಂದ ಮ್ಯಾಲೆ ತಗೊಂಡಿದ್ರ ನಿಲ್ಲಿಸಿ ಡಾಕ್ಟರ್ ಜೋಡಿ ಮಾತಾಡ್ರಿ. 2017ರಾಗ ಬಂದ ಒಂದು ಪ್ರಯೋಗದಾಗ 140 ಜನರಿಗೆ ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಕೊಟ್ಟು ನೋಡಿದ್ರು. ಸ್ಟೀರಾಯ್ಡ್ ತಗೊಂಡವರ ಮೃದ್ವಸ್ಥಿ ಉಪ್ಪುನೀರು ತಗೊಂಡವರಿಗಿಂತ ಹೆಚ್ಚು ಸವೆದಿತ್ತು, ನೋವಿನ್ಯಾಗ ಏನೂ ಫರಕ್ ಇರಲಿಲ್ಲ. ನೀವು ಬ್ಯಾರೆ ಚರ್ಚೆ ಸುರು ಮಾಡಿ ಬರೀರಿ ಸರ್, ಮಂಡಿ ವ್ಯಾಯಾಮ ಪೂರ್ತಿ ಅಲ್ಲೇ ಹೇಳ್ತೀನಿ.

ಅಥ್ಲೆಟಿಕ್ಸ್_ಕೋಚ್_ಹಾಸನ

ರೈಡರ್ ತಮ್ಮ, ಇಲ್ಲಿ ಎಲ್ಲರೂ ವಿಜ್ಞಾನ ಹೇಳ್ತಿದ್ದಾರೆ, ನಾನು ನಿನ್ನ ಕೆಲಸದ ಬಗ್ಗೆ ಹೇಳ್ತೀನಿ. ಎರಡೂ ನಿಷೇಧಿತ. ಬಿಪಿಸಿ-157, ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಪಟ್ಟಿಯಲ್ಲಿ 2022ರಿಂದ ಹೆಸರಿಟ್ಟೇ ಇದೆ, ಅನುಮತಿ ಇಲ್ಲದ ವಸ್ತುಗಳ ವರ್ಗದಲ್ಲಿ. ಟಿಬಿ-500 ಇರೋದು ಬೆಳವಣಿಗೆ ಅಂಶಗಳ ವರ್ಗದಲ್ಲಿ. ಪಂದ್ಯದ ದಿನ ಮಾತ್ರ ಅಲ್ಲ, ವರ್ಷಪೂರ್ತಿ ನಿಷೇಧ. ಸಿಕ್ಕಿಬಿದ್ದರೆ ನಾಲ್ಕು ವರ್ಷದ ತನಕ ಆಟದಿಂದ ಹೊರಗೆ. ಟ್ರೈನರ್ ಹೇಳಿದರು, ನನಗೆ ಗೊತ್ತಿರಲಿಲ್ಲ ಅಂದರೆ ನಡೆಯಲ್ಲ. ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ.

ಸ್ಟೀರಾಯ್ಡ್ ಅಲ್ಲ ಅಂದ ಮಾತ್ರಕ್ಕೆ ನಿಯಮದ ಒಳಗಿದೆ ಅಂತ ನಂಬಿ ಹಾಳಾಗೋ ಹುಡುಗರನ್ನ ನೋಡಿ ಹೊಟ್ಟೆ ಉರಿಯುತ್ತೆ. ವಾಡಾದ 2023ರ ಅಂಕಿಅಂಶದಲ್ಲಿ ಭಾರತದ 5,606 ಮಾದರಿಗಳಲ್ಲಿ 213 ಪಾಸಿಟಿವ್. ಹೆಚ್ಚು ಪರೀಕ್ಷೆ ಮಾಡೋ ದೇಶಗಳಲ್ಲಿ ನಮ್ಮದೇ ಅತಿ ಹೆಚ್ಚು ಪ್ರಮಾಣ. ಅದರಲ್ಲಿ ಹಳ್ಳಿಗಳಿಂದ ಬಂದು ಕ್ರೀಡಾ ಕೋಟಾದ ಕೆಲಸಕ್ಕೆ ಆಸೆಪಟ್ಟ ಮಕ್ಕಳು ಇರ್ತಾರೆ. ಅವರ ಕೈಗೆ ಸಿರಿಂಜ್ ಕೊಟ್ಟೋರ ಹೆಸರು ಯಾವ ಪಟ್ಟಿಯಲ್ಲೂ ಬರಲ್ಲ. ಕಬಡ್ಡಿ ಆಟಗಾರರಿಂದಲೂ ನಾಡಾ (ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ) ಮಾದರಿ ತಗೊಳ್ಳುತ್ತೆ.

ಯಾವ ಔಷಧ ತಗೊಳ್ಳೋ ಮೊದಲೂ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಹೆಸರು ಹಾಕಿ ನೋಡು. ಕೆಮ್ಮಿನ ಸಿರಪ್ ಆದರೂ ಸರಿ. ಇನ್ಹೇಲರ್, ಇನ್ಸುಲಿನ್ ತರದ ಔಷಧ ನಿಜಕ್ಕೂ ಬೇಕಾದವರಿಗೆ ವೈದ್ಯಕೀಯ ವಿನಾಯಿತಿ ಕೇಳೋ ದಾರಿ ಇದೆ. ಯಾವ ದೇಶದಲ್ಲೂ ಔಷಧ ಅಂತ ಒಪ್ಪಿಗೆ ಪಡೆಯದ ವಸ್ತುವಿಗೆ ಆ ವಿನಾಯಿತಿ ಸಿಗುತ್ತೆ ಅಂತ ನಂಬಬೇಡ.

ಮೆಲ್ಬರ್ನ್_ಕನ್ನಡಿಗ

ಕೋಚ್ ಸರ್ ಹೇಳಿದ್ದಕ್ಕೆ ನಾನಿರುವ ಊರಿನದೇ ಉದಾಹರಣೆ ಇದೆ. ಇಲ್ಲಿ ಆಸ್ಟ್ರೇಲಿಯನ್ ಫುಟ್ಬಾಲ್ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದಹಾಗೆ. ಎಸೆಂಡನ್ ಅಂತ ಹಳೆಯ, ದೊಡ್ಡ ಕ್ಲಬ್. 2012ರ ಸೀಸನ್‌ನಲ್ಲಿ ಸ್ಟೀಫನ್ ಡ್ಯಾಂಕ್ ಎಂಬ ಕ್ರೀಡಾ ವಿಜ್ಞಾನಿಯನ್ನು ಇಟ್ಟುಕೊಂಡು ಆಟಗಾರರಿಗೆ ಇಂಜೆಕ್ಷನ್ ಕಾರ್ಯಕ್ರಮ ನಡೆಸಿದರು. ಬೇಗ ಚೇತರಿಸಿಕೊಳ್ಳಬೇಕು, ಗಟ್ಟಿಯಾಗಬೇಕು ಎಂಬುದೇ ಉದ್ದೇಶ. ಆಟಗಾರರು ಸಹಿ ಹಾಕಿದ ಒಪ್ಪಿಗೆ ಪತ್ರಗಳಲ್ಲಿ ಥೈಮೋಸಿನ್ ಎಂದು ಬರೆದಿತ್ತು. ಎಲ್ಲವೂ ನಿಯಮದೊಳಗೆ ಇದೆ ಎಂದು ಅವರಿಗೆ ಹೇಳಲಾಗಿತ್ತು.

2013ರ ಫೆಬ್ರವರಿಯಲ್ಲಿ ವಿಷಯ ಹೊರಗೆ ಬಂತು. ತನಿಖೆ ನಡೆಯಿತು. ಯಾರಿಗೆ ಏನು ಚುಚ್ಚಿದರು ಎಂಬುದಕ್ಕೆ ಕ್ಲಬ್ಬಿನಲ್ಲಿ ಸರಿಯಾದ ದಾಖಲೆಯೇ ಸಿಗಲಿಲ್ಲ. ನನ್ನನ್ನು ಇವತ್ತಿಗೂ ಕಾಡುವುದು ಅದೇ. ವೃತ್ತಿಪರ ಕ್ಲಬ್ಬು, ವೈದ್ಯರಿದ್ದರು, ವಕೀಲರಿದ್ದರು, ಆದರೂ ತಮ್ಮ ಮೈಗೆ ಏನು ಹೋಯಿತೆಂದು ಆಟಗಾರರಿಗೆ ಖಚಿತವಾಗಿ ಹೇಳುವವರು ಇರಲಿಲ್ಲ. 2013ರಲ್ಲಿ ಕ್ಲಬ್ಬಿಗೆ 20 ಲಕ್ಷ ಡಾಲರ್ ದಂಡ, ಫೈನಲ್ಸ್ ಸುತ್ತಿನಿಂದ ಹೊರಗೆ, ಕೋಚ್ ಜೇಮ್ಸ್ ಹರ್ಡ್‌ಗೆ ಒಂದು ವರ್ಷ ಅಮಾನತು. 2015ರ ಮಾರ್ಚ್‌ನಲ್ಲಿ ಲೀಗಿನ ನ್ಯಾಯಮಂಡಳಿ ಆಟಗಾರರ ಮೇಲಿನ ಆರೋಪ ಸಾಬೀತಾಗಿಲ್ಲ ಎಂದಿತು. ಎಲ್ಲರೂ ಮುಗಿಯಿತು ಅಂದುಕೊಂಡರು. ವಾಡಾ ಮೇಲ್ಮನವಿ ಹೋಯಿತು. 2016ರ ಜನವರಿಯಲ್ಲಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಥೈಮೋಸಿನ್ ಬೀಟಾ-4 ಬಳಕೆಗಾಗಿ 34 ಆಟಗಾರರನ್ನು ತಪ್ಪಿತಸ್ಥರೆಂದು ಹೇಳಿ ಎರಡು ವರ್ಷ ನಿಷೇಧ ಹಾಕಿತು. ಒಂದು ಪಾಸಿಟಿವ್ ಪರೀಕ್ಷೆಯೂ ಇರಲಿಲ್ಲ, ಸಂದೇಶಗಳು, ಖರೀದಿಯ ದಾಖಲೆ, ಹೇಳಿಕೆ, ಇಷ್ಟೇ ಸಾಕಾಯಿತು. ನಾಯಕ ಜೋಬ್ ವಾಟ್ಸನ್‌ಗೆ 2012ರಲ್ಲಿ ಬ್ರೌನ್‌ಲೋ ಪದಕ ಬಂದಿತ್ತು, ಇಲ್ಲಿನ ಅತ್ಯುತ್ತಮ ಆಟಗಾರನ ಗೌರವ ಅದು. ಅದನ್ನೂ ಬಿಟ್ಟುಕೊಡಬೇಕಾಯಿತು.

ರೈಡರ್, ಪರೀಕ್ಷೆಯಲ್ಲಿ ಸಿಗಲ್ಲ, ದೇಹದಿಂದ ಬೇಗ ಹೋಗುತ್ತೆ ಎಂದು ನಿಮ್ಮ ಟ್ರೈನರ್ ಹೇಳಿದರೆ ಈ ಪ್ರಕರಣ ನೆನಪಿಡಿ. ನಿಮ್ಮ ಫೋನಿನಲ್ಲಿರುವ ಯುಪಿಐ ಪಾವತಿ, ವಾಟ್ಸ್‌ಆ್ಯಪ್ ಸಂದೇಶಗಳೇ ಸಾಕ್ಷಿಯಾಗಬಲ್ಲವು.

ನಿರ್ವಾಹಕ

ಮಾರಾಟಗಾರರ ನಂಬರ್ ಹಾಕಿದ್ದ ಉತ್ತರವನ್ನು ತೆಗೆದಿದ್ದೇನೆ. ಖರೀದಿ, ಡೋಸ್ ಲೆಕ್ಕ, ಎರಡಕ್ಕೂ ಇಲ್ಲಿ ಅವಕಾಶ ಇಲ್ಲ. ಚರ್ಚೆ ಮುಂದುವರಿಸಿ.

ರೈಡರ್_ಮಂಡ್ಯ

ಎಲ್ಲರಿಗೂ ತುಂಬಾ ಧನ್ಯವಾದ. ನಿಷೇಧಿತ ಅಂತ ನನಗೆ ಯಾರೂ ಹೇಳಿರಲಿಲ್ಲ. ಮೆಲ್ಬರ್ನ್ ಸರ್, ಟ್ರೈನರ್ ನಿಜವಾಗಲೂ ಅದೇ ಮಾತು ಹೇಳಿದ್ರು, ಬೇಗ ಹೋಗುತ್ತೆ ಅಂತ. ತಗೊಳ್ಳಲ್ಲ, ಅದು ತೀರ್ಮಾನ ಆಯ್ತು. ಆದ್ರೆ ಅಕ್ಕ, ನೋವು ಹಂಗೇ ಇದೆಯಲ್ಲ. ಅದಕ್ಕೇನು ಮಾಡ್ಲಿ? ಸ್ಟೀರಾಯ್ಡ್ ಇಂಜೆಕ್ಷನ್ ಒಂದೇ ಒಂದು ಹಾಕಿಸಿದ್ರೆ ಸೀಸನ್ ಆಡಬಹುದು ಅಂತ ಇನ್ನೊಬ್ಬರು ಅಂದ್ರು.

ಹುಬ್ಬಳ್ಳಿ_ಫಿಸಿಯೊ

ಅಕಿಲಿಸ್ಸಿಗೆ ಸ್ಟೀರಾಯ್ಡ್ ಬ್ಯಾಡವೇ ಬ್ಯಾಡ. ಟೆಂಡನ್ ಹರಿಯೋ ಅಪಾಯ ಐತಿ, ಹರಿದ್ರ ಆಪರೇಷನ್ ಮತ್ತ ಒಂದು ಸೀಸನ್ ಹೋದಂಗ. ಇನ್ನೊಂದು ಹೇಳು, ಈಚೀಚೆ ಜ್ವರಕ್ಕೋ ಭೇದಿಗೋ ಆಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಅಂತ ಮಾತ್ರೆ ತಗೊಂಡಿದ್ಯೇನು? ಈ ಜಾತಿ ಆ್ಯಂಟಿಬಯೋಟಿಕ್‌ನಿಂದ ಟೆಂಡನ್ ನೋವು ಬರತೈತಿ, ಹರಿಯೂದೂ ಐತಿ. 2008ರಿಂದ ಅಮೆರಿಕದಾಗ ಈ ಮಾತ್ರೆಗೆ ಅತಿ ಗಂಭೀರ ಎಚ್ಚರಿಕೆ ಹಾಕ್ಯಾರ. ನಮ್ಮ ಕಡೆ ಮೆಡಿಕಲ್ ಶಾಪಿನ್ಯಾಗ ಚೀಟಿ ಇಲ್ಲದ ಕೊಡ್ತಾರ, ಹುಡುಗರು ತಗೋತಾರ, ಆಮ್ಯಾಲೆ ಕಾಲು ಹಿಡಕೊಂಡು ನನ್ನ ಹತ್ರ ಬರ್ತಾರ.

ಈಗ ವ್ಯಾಯಾಮ. ಆಲ್ಫ್ರೆಡ್‌ಸನ್ ಹೆಸರು ಹೇಳಿದ್ನಲ್ಲ, ಅವರು 1998ರಾಗ 15 ಓಟಗಾರರಿಗೆ ಒಂದು ವ್ಯಾಯಾಮ ಕೊಟ್ಟರು. ಮೆಟ್ಟಿಲ ಅಂಚಿನ್ಯಾಗ ಮುಂಗಾಲ ಮ್ಯಾಲೆ ನಿಲ್ಲು. ಆರಾಮಿರೋ ಕಾಲಿಂದ ಮ್ಯಾಲೇರು, ನೋವಿರೋ ಕಾಲಿನ ಮ್ಯಾಲೆ ಭಾರ ಹಾಕಿ ಹಿಮ್ಮಡಿನ ನಿಧಾನ ಕೆಳಗ ಇಳಸು. ಮಂಡಿ ನೆಟ್ಟಗ ಇಟ್ಟು 15 ಸಲ, ಮೂರು ಸರ್ತಿ. ಮಂಡಿ ಸ್ವಲ್ಪ ಬಗ್ಗಿಸಿ ಮತ್ತ 15, ಮೂರು ಸರ್ತಿ. ಮುಂಜಾನೆ ಒಮ್ಮೆ, ಸಂಜಿಗೊಮ್ಮೆ, ವಾರದ ಏಳೂ ದಿನ, 12 ವಾರ. ಸಸಾರ ಆದಮ್ಯಾಲೆ ಬೆನ್ನಿಗೆ ಭಾರದ ಚೀಲ ಹಾಕ್ಕೊ. ಆ 15 ಜನಾನೂ ಹಳೇ ಓಟಕ್ಕ ವಾಪಸ್ ಬಂದ್ರು. ಆಮ್ಯಾಲಿನ ಪ್ರಯೋಗದಾಗ ಫಲಿತಾಂಶ ಎಲ್ಲಾರಿಗೂ ಅಷ್ಟು ಛಲೋ ಬರಲಿಲ್ಲ, ಆದ್ರೂ ಅಕಿಲಿಸ್ಸಿಗೆ ಇವತ್ತಿಗೂ ಮೊದಲ ಚಿಕಿತ್ಸಾ ಭಾರದ ವ್ಯಾಯಾಮನೇ. ಈಗ ವಾರಕ್ಕ ಮೂರು ದಿನ ಹೆಚ್ಚು ಭಾರ ಹಾಕಿ ನಿಧಾನ ಎತ್ತಿ ಇಳಿಸೋ ಪದ್ಧತಿನೂ ಐತಿ, 2015ರಾಗ ಎರಡನ್ನೂ ಹೋಲಿಸಿದ್ರು, ಪರಿಣಾಮ ಸಮಾ ಬಂತು. ಜಿಮ್ ಇದ್ದವರಿಗೆ ಅದು ಅನುಕೂಲ.

ಮಾಡುವಾಗ ಸ್ವಲ್ಪ ನೋಯತೈತಿ, ಹೆದರಬ್ಯಾಡ. ಹತ್ತರಾಗ ನಾಲ್ಕೋ ಐದೋ ತನಕ ನಡೀತೈತಿ. ಮರುದಿನ ಮುಂಜಾನೆ ಮೊದಲ ಹೆಜ್ಜಿ ಇಡುವಾಗ ಹಿಂದಿನ ದಿನಕ್ಕಿಂತ ಜಾಸ್ತಿ ನೋವಿದ್ರ ಭಾರ ಇಳಸು. ಅಷ್ಟರಾಗ ರೈಡ್ ಪೂರ್ತಿ ಬಿಡಬ್ಯಾಡ, ಜಿಗಿಯೂದು, ಒಮ್ಮೆಲೇ ನೂಕಿ ಓಡೂದು ಅಷ್ಟ ಕಡಿಮಿ ಮಾಡು.

ಸುರು ಮಾಡೂಕಿಂತ ಮೊದಲ ಸ್ಕ್ಯಾನ್ ವರದಿ ತಗದು ನೋಡು. ನೋವು ಹಿಮ್ಮಡಿ ಎಲುಬಿಗೆ ಹತ್ತೋ ಜಾಗದಾಗ ಐತೋ, ಅಲ್ಲಿಂದ ಎರಡು-ಮೂರು ಬೆರಳು ಮ್ಯಾಲೆ ಐತೋ? ಎಲುಬಿನ ಹತ್ರ ಇದ್ರ ಮೆಟ್ಟಿಲಿಂದ ಕೆಳಗ ಇಳಿಸೂಹಂಗಿಲ್ಲ.

ಕುಡ್ಲ_ಲಿಫ್ಟರ್

ಪಿಆರ್‌ಪಿ ಕಥೆ ನನಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ಫ್ರಿಜ್‌ನಲ್ಲಿ ಇನ್ನೊಂದು ವಯಲ್ ಉಂಟು. ಕೆಮಿಸ್ಟ್ ಸರ್, ಅದನ್ನು ಎಲ್ಲಿಯಾದರೂ ಪರೀಕ್ಷೆ ಮಾಡಿಸಬಹುದಾ?

ಪೀಣ್ಯ_ಕೆಮಿಸ್ಟ್

ದುಡ್ಡು ಕೊಟ್ಟರೆ ಖಾಸಗಿ ಲ್ಯಾಬ್‌ಗಳು ಮಾಡ್ತವೆ, ಆದರೆ ಪರೀಕ್ಷೆಗೇ ವಯಲ್ ಖಾಲಿಯಾಗುತ್ತೆ. ಇನ್ನೊಂದು ವಯಲ್ ಹೇಗಿರುತ್ತೆ ಅಂತ ಅದರಿಂದ ಗೊತ್ತಾಗಲ್ಲ. ಚುಚ್ಚಿಕೊಳ್ಳಬೇಡಿ. ಸೂಜಿಗಳನ್ನ ಕಸದ ಬುಟ್ಟಿಗೆ ಹಾಕಬೇಡಿ, ಗಟ್ಟಿ ಡಬ್ಬಿಯಲ್ಲಿ ಮುಚ್ಚಿ ಹತ್ತಿರದ ಆಸ್ಪತ್ರೆಗೆ ಕೊಡಿ. ಪೌರಕಾರ್ಮಿಕರ ಕೈಗೆ ಚುಚ್ಚುತ್ತೆ.

ರೈಡರ್_ಮಂಡ್ಯ

ವರದಿ ನೋಡಿದೆ ಅಕ್ಕ. 'ಮಿಡ್‌ಪೋರ್ಷನ್' ಅಂತಿದೆ, ಎಲುಬಿನಿಂದ ನಾಲ್ಕು ಸೆಂಟಿಮೀಟರ್ ಮೇಲೆ. ಆ ಮಾತ್ರೆ ಯಾವುದೂ ತಗೊಂಡಿಲ್ಲ.

ಹುಬ್ಬಳ್ಳಿ_ಫಿಸಿಯೊ

ಛಲೋ ಆತು. ಹಂಗಾದ್ರ ಮೆಟ್ಟಿಲಿಂದ ಪೂರ್ತಿ ಕೆಳಗ ಇಳಿಸಬಹುದು. ಮೊದಲ ವಾರ ಮಂಡಿ ನೆಟ್ಟಗ ಇಟ್ಟು ಮಾಡೂದಷ್ಟ ಸಾಕು, ಎರಡನೇ ವಾರದಿಂದ ಬಗ್ಗಿಸಿ ಮಾಡೂದು ಸೇರಿಸು. ಮಂಡ್ಯದಾಗ ಯಾರರ ಒಬ್ಬ ಫಿಸಿಯೊಗೆ ಒಮ್ಮೆ ತೋರಿಸಿ ಕಾಲಿಡೋ ರೀತಿ ಸರಿ ಐತೇನು ನೋಡಿಸ್ಕೊ. ದಿನಾ ಮುಂಜಾನೆ ಮೊದಲ ಹೆಜ್ಜಿ ನೋವಿಗೆ ಹತ್ತರಾಗ ಎಷ್ಟು ಅಂತ ಒಂದು ವಹಿಯಾಗ ಬರದಿಡು, ತಿಂಗಳ ಆದಮ್ಯಾಲೆ ಇಲ್ಲೇ ಹಾಕು, ಭಾರ ಎಷ್ಟು ಏರಿಸಬೇಕು ಹೇಳ್ತೀನಿ.